ಎರಡು ಸಿಮ್, ಒಂದೇ ಕಂಪನಿ: ವೊಡಾಫೋನ್-ಐಡಿಯಾ ಒಂದಾದ ಮೇಲೆ

ರೇಟಿಂಗ್: 5ಕ್ಕೆ 3. ಬೆಂಗಳೂರಲ್ಲಿರುವವರು ಇನ್ನರ್ಧ ಸೇರಿಸಿಕೊಳ್ಳಿ. ಮಲೆನಾಡಿನವರಿಗೆ ಮಾತ್ರ, ನಿಮ್ಮ ಊರು ಯಾವುದು ಅಂತ ಕೇಳದೆ ಅಂಕ ಕೊಡಲಾರೆ.

ನಮ್ಮ ಮನೆಯಲ್ಲಿ ಎರಡು ಹಳೇ ನಂಬರುಗಳಿವೆ. ನನ್ನದು ಹಚ್ ಕಾಲದ್ದು, ಅಂದರೆ ಆ ಕಂಪನಿಗೆ ವೊಡಾಫೋನ್ ಅನ್ನುವ ಹೆಸರು ಬರುವ ಮೊದಲಿನದು. 2007ರ ಸೆಪ್ಟೆಂಬರಿನಲ್ಲಿ ಜಾಹೀರಾತಿನ ಆ ಪಗ್ ನಾಯಿ ಗುಲಾಬಿ ಗೂಡು ಬಿಟ್ಟು ಕೆಂಪು ಗೂಡು ಸೇರಿತಲ್ಲ, ಅದರ ಹಿಂದೆಯೇ ನಾನೂ ವೊಡಾಫೋನ್ ಗಿರಾಕಿಯಾದೆ. ಅಮ್ಮನದು ಸ್ಪೈಸ್ ನಂಬರು. ಕರ್ನಾಟಕ ಮತ್ತು ಪಂಜಾಬಿನಲ್ಲಿ ಮಾತ್ರ ಮೊಬೈಲ್ ಸೇವೆ ಕೊಡುತ್ತಿದ್ದ ಸ್ಪೈಸನ್ನು 2008ರಲ್ಲಿ ಐಡಿಯಾ ಕೊಂಡಿತು. ಕೊನೆಗೆ 2018ರ ಆಗಸ್ಟ್ 31ರಂದು ವೊಡಾಫೋನ್ ಇಂಡಿಯಾ ಮತ್ತು ಐಡಿಯಾ ಒಂದೇ ಕಂಪನಿಯಾದವು. 2020ರ ಸೆಪ್ಟೆಂಬರ್ 7ಕ್ಕೆ 'ವಿ' ಅಂತ ಹೊಸ ಹೆಸರೂ ಬಂತು. ಅಮ್ಮನಿಗೆ ಇದೆಲ್ಲ ಹೇಳಿದರೆ, "ಹೆಸರು ಏನಾದ್ರೂ ಇಟ್ಕೊಳ್ಲಿ ಮಾರಾಯ, ನನ್ನ ನಂಬರ್ ಬದಲಾಗದಿದ್ರೆ ಸಾಕು" ಅಂದರು. ಬದಲಾಗಲಿಲ್ಲ. ಇಷ್ಟು ವರ್ಷದಲ್ಲಿ ಮೂರು ಹೆಸರು ಹೊತ್ತ ನಂಬರು ಅದು.

ಮನೆಯಲ್ಲಿ ಎರಡು ಕಂಪನಿಯ ಸಿಮ್ ಇಟ್ಟುಕೊಂಡದ್ದು ಚಂದಕ್ಕಲ್ಲ. ತೀರ್ಥಹಳ್ಳಿ ಕಡೆಯ ಗುಡ್ಡದ ಊರುಗಳಲ್ಲಿ ಅಂಗಳದಲ್ಲಿ ಒಂದು ಸಿಕ್ಕರೆ ತೋಟದ ಮೇಲಿನ ದರೆಯಲ್ಲಿ ಇನ್ನೊಂದು ಸಿಗುತ್ತದೆ. ಒಂದು ಸತ್ತ ದಿನ ಇನ್ನೊಂದು ಬದುಕಿರಲಿ ಅನ್ನುವುದೇ ಲೆಕ್ಕ. ವಿಲೀನದ ಬಗ್ಗೆ ನನಗಿರುವ ಮಾತೆಲ್ಲ ಈ ಲೆಕ್ಕದ ಸುತ್ತಲೇ ಇದೆ.

ಒಳ್ಳೆಯದು ಮೊದಲು. ಜಾಲಗಳನ್ನು ಹಂತ ಹಂತವಾಗಿ ಬೆಸೆಯುವಾಗ ಐಡಿಯಾ ಸಿಮ್ಮು ವೊಡಾಫೋನ್ ಟವರಿಗೂ, ವೊಡಾಫೋನ್ ಸಿಮ್ಮು ಐಡಿಯಾ ಟವರಿಗೂ ಹತ್ತತೊಡಗಿತು. ಕೆಲವು ಫೋನುಗಳಲ್ಲಿ ಆಗ ರೋಮಿಂಗ್ ಗುರುತು ಬಂದು ಜನ ಗಾಬರಿಯಾದದ್ದೂ ಉಂಟು. ಅದಕ್ಕೆ ದುಡ್ಡೇನೂ ಹೋಗುತ್ತಿರಲಿಲ್ಲ. ಕರ್ನಾಟಕದಲ್ಲಿ ಹಚ್‌ನ ಜಾಲದ ಕೋಡು 404-86, ಸ್ಪೈಸಿನದು 404-44. ಒಂದು ಕೋಡಿನ ಸಿಮ್ಮಿಗೆ ಇನ್ನೊಂದು ಕೋಡಿನ ಟವರೂ ನಮ್ಮದೇ ಅಂತ ಕಲಿಸುವ ಕೆಲಸ ಅದು. ಅಂಗಳ-ದರೆಯ ವ್ಯವಹಾರ ನಮಗೆ ಆಗ ಮುಗಿಯಿತು. ಅಮ್ಮನ ಫೋನಿಗೆ ದರೆ, ನನ್ನ ಫೋನಿಗೆ ಅಂಗಳ ಅಂತ ಇದ್ದದ್ದು ಇಬ್ಬರಿಗೂ ಎರಡೂ ಕಡೆ ಅಂತ ಆಯಿತು. ಈ ಲಾಭ ನಿಜವಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಕವರೇಜು ಕೂಡುವ ಲೆಕ್ಕ ಗಿರಾಕಿಗಳನ್ನು ಕೂಡುವ ಲೆಕ್ಕದ ಹಾಗಲ್ಲ. ವಿಲೀನದ ದಿನ 40.8 ಕೋಟಿ ಗಿರಾಕಿಗಳು, ದೇಶದ ಅತಿ ದೊಡ್ಡ ಮೊಬೈಲ್ ಕಂಪನಿ ಅಂತ ಹೇಳಿಕೊಂಡರು. ಗಿರಾಕಿಗಳು ಕೂಡಿದರು, ಸರಿ. ಟವರುಗಳು ಹಾಗೆ ಕೂಡುವುದಿಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ಎರಡೂ ಕಂಪನಿಗಳ ಸಿಗ್ನಲ್ ಮೊದಲೇ ಇತ್ತು; ಎರಡೂ ಇಲ್ಲದ ಘಾಟಿಯ ತಿರುವು ವಿಲೀನವಾದ ಮೇಲೂ ಖಾಲಿಯೇ. ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇರದ ಜಾಗಗಳಷ್ಟೇ ನಿಜವಾದ ಗಳಿಕೆ. ಅದೂ ಅಲ್ಲದೆ ಎಷ್ಟೋ ಕಡೆ ಎರಡೂ ಕಂಪನಿಗಳ ಆಂಟೆನಾ ಒಂದೇ ಕಂಬದ ಮೇಲೆ ಇದ್ದವು. ಇಂಡಸ್ ಟವರ್ಸ್ ಅನ್ನು 2007ರಲ್ಲಿ ಭಾರ್ತಿ, ವೊಡಾಫೋನ್, ಐಡಿಯಾ ಸೇರಿಯೇ ಕಟ್ಟಿದ್ದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದು, ಡೀಸೆಲ್ ತರುವವನು ಬರದಿದ್ದರೆ ಒಂದೇ ಕಂಬದ ಎಲ್ಲ ಕಂಪನಿಗಳೂ ಒಟ್ಟಿಗೇ ಮಲಗುತ್ತವೆ. ಹಾಗಾಗಿ ನಮ್ಮ ಎರಡು ಸಿಮ್ಮಿನ ವಿಮೆ ಮೊದಲೂ ನಾವು ಅಂದುಕೊಂಡಷ್ಟು ಗಟ್ಟಿಯಾಗಿರಲಿಲ್ಲ.

ಈಗ ಅದು ಪೂರ್ತಿ ಹೋಯಿತು. ಸೇರಿಕೆಯಿಂದ ವರ್ಷಕ್ಕೆ 14,000 ಕೋಟಿ ರೂಪಾಯಿ ಉಳಿತಾಯ ಅಂತ ಕಂಪನಿ ವಿಲೀನದ ಹೊತ್ತಿಗೆ ಅಂದಾಜು ಹೇಳಿತ್ತು. ಎಲ್ಲಿಂದ ಬರುತ್ತದೆ ಆ ದುಡ್ಡು? ದೊಡ್ಡ ಪಾಲು, ಒಂದೇ ಜಾಗದಲ್ಲಿ ಎರಡೆರಡು ಇರುವುದನ್ನು ಒಂದು ಮಾಡುವುದರಿಂದ: ಎರಡು ಬಾಡಿಗೆ, ಎರಡು ರೇಡಿಯೊ, ಎರಡು ಕರೆಂಟ್ ಬಿಲ್ಲು, ಎರಡು ಅಂಗಡಿ. ಕಂಪನಿಯ ಲೆಕ್ಕಪತ್ರದಲ್ಲಿ ಅದು ದುಂದು. ನಮ್ಮ ಮನೆಯಲ್ಲಿ ಅದಕ್ಕೆ ಆಪದ್ಧನ ಅನ್ನುತ್ತಿದ್ದೆವು. ಎರಡು ಸಿಮ್ ಹಾಕುವ ಫೋನಿನಲ್ಲಿ ಒಂದು ವೊಡಾಫೋನ್, ಒಂದು ಐಡಿಯಾ ಇಟ್ಟುಕೊಂಡಿದ್ದವರೆಲ್ಲ ಜಾಲಗಳು ಬೆಸೆದ ದಿನದಿಂದ ಒಂದೇ ಜಾಲಕ್ಕೆ ಎರಡು ರೀಚಾರ್ಜ್ ಮಾಡತೊಡಗಿದರು. ಅದನ್ನು ಯಾರೂ ಎಸ್ಸೆಮ್ಮೆಸ್ ಕಳಿಸಿ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಈಗಲೂ ಹಾಗಿದ್ದರೆ ಈ ವಿಮರ್ಶೆ ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನ ಆಯಿತು.

ರೀಚಾರ್ಜಿನ ಮಾತು ಬಂತಲ್ಲ. ಒಂದು ಕಾಲಕ್ಕೆ 'ಲೈಫ್‌ಟೈಮ್' ಸಿಮ್ ಅಂದರೆ ದುಡ್ಡು ಹಾಕದಿದ್ದರೂ ಕರೆ ಬರುತ್ತಿತ್ತು. 2018ರ ಕೊನೆಗೆ 28 ದಿನಕ್ಕೆ ಕನಿಷ್ಠ 35 ರೂಪಾಯಿ ಅನ್ನುವ ಪದ್ಧತಿ ಬಂತು. ಏರ್‌ಟೆಲ್‌ನವರೂ ಅದನ್ನೇ ಮಾಡಿದರು. 2021ರ ನವೆಂಬರಿನಲ್ಲಿ ಕನಿಷ್ಠ ಪ್ಯಾಕು 79ರಿಂದ 99 ರೂಪಾಯಿಗೆ ಏರಿತು. 2019ರ ಡಿಸೆಂಬರ್, 2021ರ ಕೊನೆ, 2024ರ ಜುಲೈ, ಈ ಮೂರು ಸಲವೂ ಮೂರೂ ಖಾಸಗಿ ಕಂಪನಿಗಳು ದಿನಗಳ ಅಂತರದಲ್ಲಿ ದರ ಏರಿಸಿದವು. ಒಂದು ಕಾಲಕ್ಕೆ ಕರ್ನಾಟಕದಲ್ಲಿ ಏರ್‌ಟೆಲ್, ಬಿಎಸ್ಎನ್ಎಲ್, ಹಚ್, ಸ್ಪೈಸ್, ರಿಲಯನ್ಸ್, ಟಾಟಾ ಇಂಡಿಕಾಂ, ಆಮೇಲೆ ಏರ್‌ಸೆಲ್, ಎಂಟಿಎಸ್ ಅಂತ ಬೀದಿಗೊಂದು ಛತ್ರಿ ಹಾಕಿ ಸಿಮ್ ಕೊಡುತ್ತಿದ್ದರು. ಈಗ ಆರಿಸಿಕೊಳ್ಳಲು ಇರುವುದು ಮೂರು ಖಾಸಗಿ, ಒಂದು ಸರ್ಕಾರಿ. ಪೈಪೋಟಿ ಕಡಿಮೆಯಾದಲ್ಲಿ ದರ ಏರುವುದು ಹೊಸ ಸಂಗತಿಯಲ್ಲ. ಜಿಯೊ ಬರುವ ಮುಂಚೆ ಒಂದು ಜಿಬಿಗೆ ನಾವು ತೆತ್ತದ್ದನ್ನು ನೆನೆದರೆ ಇವತ್ತಿನ ದರವನ್ನು ಪೂರ್ತಿ ಬೈಯಲೂ ಆಗುವುದಿಲ್ಲ, ಅದೂ ನಿಜ.

ವಿ ಗಿರಾಕಿಗಳ ಸಂಖ್ಯೆ ಈಗ ಸುಮಾರು 20 ಕೋಟಿ, ಅಂದರೆ ಅರ್ಧ. ಎಲ್ಲರೂ ಸಿಗ್ನಲ್ ಇಲ್ಲದೆ ಓಡಿದರು ಅಂತ ತಿಳಿಯಬೇಡಿ. ಕನಿಷ್ಠ ರೀಚಾರ್ಜ್ ಬಂದಾಗ ಎರಡನೇ ಸಿಮ್ ಬಿಸಾಡಿದವರೇ ಅದರಲ್ಲಿ ಬಹಳ ಜನ. ಉಳಿದ ಕಾರಣ ದುಡ್ಡಿನದು. 2019ರ ಅಕ್ಟೋಬರ್ 24ಕ್ಕೆ ಎಜಿಆರ್ ಬಾಕಿಯ (ಕಂಪನಿಗಳು ತಮ್ಮ ಆದಾಯದಲ್ಲಿ ಸರ್ಕಾರಕ್ಕೆ ಕೊಡಬೇಕಾದ ಪಾಲು) ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅದರ ಹಿಂದಿನ, ಅಂದರೆ ಸೆಪ್ಟೆಂಬರಿಗೆ ಮುಗಿದ ತ್ರೈಮಾಸಿಕದ ಲೆಕ್ಕದಲ್ಲಿ ಕಂಪನಿ ತೋರಿಸಿದ ನಷ್ಟ 50,921 ಕೋಟಿ ರೂಪಾಯಿ. ಅಷ್ಟು ಹೊರೆ ಹೊತ್ತವರು ಹೊಸ ಟವರ್ ಹಾಕುವುದು ಹೇಗೆ? ಜಿಯೊ, ಏರ್‌ಟೆಲ್ 2022ರ ಅಕ್ಟೋಬರಿನಲ್ಲೇ 5ಜಿ ಶುರು ಮಾಡಿದರೆ ವಿ ಶುರು ಮಾಡಿದ್ದು 2025ರ ಮಾರ್ಚಿನಲ್ಲಿ, ಮುಂಬೈಯಿಂದ. ಬೆಂಗಳೂರಿಗೆ ಬಂದದ್ದು ಅದೇ ವರ್ಷದ ಜೂನ್‌ನಲ್ಲಿ. ಸರ್ಕಾರ ಬಾಕಿಯನ್ನು ಷೇರಾಗಿ ಬದಲಿಸಿಕೊಂಡು 2025ರಲ್ಲಿ ಶೇ 48.99ರ ಒಡೆಯನಾಯಿತು. ಅಂತೂ ಅಮ್ಮನ ಸ್ಪೈಸ್ ಸಿಮ್ಮು ಈಗ ಹತ್ತಿರ ಹತ್ತಿರ ಸರ್ಕಾರದ್ದು!

ಬೆಂಗಳೂರಿನಲ್ಲಿ ನನ್ನ ದಿನಬಳಕೆಗೆ 4ಜಿ ಸಾಕಾಗಿದೆ. 2020ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಮೈಸ್ಪೀಡ್ ಅನ್ನುವ ವೇಗ ಪರೀಕ್ಷೆಯ ಅಂಕಿಗಳಲ್ಲಿ ಅಪ್‌ಲೋಡಿನಲ್ಲಿ ವೊಡಾಫೋನ್ ತಿಂಗಳುಗಟ್ಟಲೆ ಮುಂದಿತ್ತು. ವಿಡಿಯೊ ಕರೆಯಲ್ಲಿ ಕಚೇರಿ ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು. ವಾರದಲ್ಲಿ ಉಳಿದ ಡೇಟಾ ಶನಿವಾರ-ಭಾನುವಾರಕ್ಕೆ ಸೇರುವುದು, ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಲೆಕ್ಕವಿಲ್ಲದ ಡೇಟಾ, ಇವೆರಡೂ ನನಗೆ ಒಗ್ಗಿವೆ. ಫೋನಿನ ಅಪ್‌ಡೇಟುಗಳನ್ನೆಲ್ಲ ನಾನು ರಾತ್ರಿಗೇ ಬಿಡುವುದು. ಎಲ್ಲ ಪ್ಯಾಕಿನಲ್ಲೂ ಇವು ಇರುವುದಿಲ್ಲ, ನೋಡಿ ಹಾಕಿಸಿ.

ಫೋನಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನ ನೆಟ್‌ವರ್ಕಿಗೆ ಬೈಯುವ ಎಷ್ಟೋ ಬೈಗುಳ ಫೋನಿಗೆ ಸಲ್ಲಬೇಕಾದದ್ದು. ಕಂಪನಿ 3ಜಿ ನಿಲ್ಲಿಸುತ್ತ ಆ ತರಂಗಗಳನ್ನು 4ಜಿಗೆ ಕೊಡುತ್ತ ಬಂದಿದೆ. 3ಜಿ ಹೋದ ಮೇಲೆ ಕರೆಗೆ ಉಳಿಯುವುದು ಎರಡೇ ದಾರಿ: 4ಜಿ ಮೇಲೆಯೇ ಮಾತಾಡುವ ವೋಲ್ಟಿ, ಇಲ್ಲವೇ 2ಜಿ. ವಿದೇಶದಿಂದ ತಂದುಕೊಟ್ಟ ಫೋನೊಂದು ನನ್ನ ಬಳಿ ಇತ್ತು. ತಯಾರಕರು ಅದರಲ್ಲಿ ನಮ್ಮ ದೇಶದ ಜಾಲಗಳಿಗೆ ವೋಲ್ಟಿ ಕೊಟ್ಟೇ ಇರಲಿಲ್ಲ. ಕರೆ ಬಂದ ಕೂಡಲೇ ಫೋನು 2ಜಿಗೆ ಇಳಿಯುವುದು, ಡೇಟಾ ನಿಲ್ಲುವುದು. ಮಾತಾಡುತ್ತ ಮ್ಯಾಪ್ ನೋಡುವ ಹಾಗಿಲ್ಲ. ಹೆಸರಾಂತ ಬ್ಯಾಂಕೊಂದರ ಆ್ಯಪಿನವರು ಕರೆ ಮಾಡಿ "ಈಗಲೇ ತೆರೆದು ನೋಡಿ ಸಾರ್" ಅಂದಾಗ ಇದರ ಮಜಾ ಗೊತ್ತಾಗುತ್ತದೆ. ಹೊಸ ಫೋನಿನಲ್ಲಿ ಈ ಕಾಟ ಇಲ್ಲ. ಸೆಕೆಂಡ್‌ಹ್ಯಾಂಡ್ ಫೋನು ಕೊಳ್ಳುವವರು ನಿಮ್ಮ ಸಿಮ್ಮನ್ನೇ ಹಾಕಿ, ಕರೆ ನಡೆಯುತ್ತಿರುವಾಗ ಮೇಲೆ 4ಜಿ ಗುರುತು ಉಳಿಯುತ್ತದೆಯೇ ನೋಡಿಯೇ ದುಡ್ಡು ಕೊಡಿ.

ಅಮ್ಮನದು ಕೀಪ್ಯಾಡ್ ಫೋನು, 2ಜಿ. ಇಲ್ಲಿ ಕಥೆ ಬೇರೆ. ಜಿಯೊಗೆ 2ಜಿಯೇ ಇಲ್ಲ; ಅಲ್ಲಿಗೆ ಪೋರ್ಟ್ ಆದರೆ, ಅಂದರೆ ನಂಬರು ಉಳಿಸಿಕೊಂಡು ಕಂಪನಿ ಬದಲಿಸಿದರೆ, ಫೋನೂ ಬದಲಾಗಬೇಕು. 2ಜಿ ಕೀಪ್ಯಾಡ್ ಫೋನು ಬಿಡಲೊಲ್ಲದ ಹಿರಿಯರಿಗೆ ಉಳಿಯುವುದು ಏರ್‌ಟೆಲ್, ವಿ, ಬಿಎಸ್ಎನ್ಎಲ್ ಮಾತ್ರ. ಡೇಟಾ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಪ್ಯಾಕ್ ಕೊಡಬೇಕು ಅಂತ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅಂಗಡಿಯವನು ತಾನಾಗಿ ಹೇಳಲಿಕ್ಕಿಲ್ಲ, ಕೇಳಿ ಹಾಕಿಸಬೇಕು.

ನಾವು ಕೊನೆಗೆ ಮಾಡಿದ್ದು ಇಷ್ಟು: ಅಮ್ಮನ ನಂಬರು ಇದ್ದಲ್ಲೇ ಇದೆ, ಅವರ ಅಂಗಳ ಮತ್ತು ದರೆಗೆ ಅದು ಸರಿಯಾಗಿದೆ. ನನ್ನ ಫೋನಿನ ಎರಡನೇ ಸ್ಲಾಟಿಗೆ ಬಿಎಸ್ಎನ್ಎಲ್ ಸಿಮ್ ಬಂತು, ವೇಗಕ್ಕಲ್ಲ, ಬೇರೆ ಕಂಪನಿಯದು ಒಂದು ಇರಲಿ ಅಂತ. ಮನಸ್ಸು ಬೇರೆ ಕಂಪನಿಯ ಕಡೆಗೆ ವಾಲುವವರು ಮೊದಲು ಕಂಪನಿಗಳ ಜಾಲತಾಣದಲ್ಲಿರುವ ಕವರೇಜ್ ನಕ್ಷೆಯಲ್ಲಿ ನಿಮ್ಮ ಊರು ನೋಡಿ, ಆಮೇಲೆ ಪಕ್ಕದ ಮನೆಯವರನ್ನು ಕೇಳಿ. ನಕ್ಷೆಗಿಂತ ನನಗೆ ಎರಡನೆಯದರ ಮೇಲೇ ನಂಬಿಕೆ.

ಪೋರ್ಟ್ ಆಗುವುದಾದರೆ ಸಿಗ್ನಲ್ ಇರುವಾಗಲೇ ಆಗಿ. 2018ರ ಮೊದಲಲ್ಲಿ ಏರ್‌ಸೆಲ್ ಕುಸಿದಾಗ ಜಾಲವೇ ಇಲ್ಲದೆ ಜನ ಪೋರ್ಟ್ ಆಗಲು ಬೇಕಾದ ಕೋಡು ಪಡೆಯಲು ಪರದಾಡಿದರು. 1900ಕ್ಕೆ ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಂಬರು ಹಾಕಿ ಎಸ್ಸೆಮ್ಮೆಸ್ ಮಾಡಿದರೆ ಕೋಡು ಬರುತ್ತದೆ. ನಮ್ಮಲ್ಲಿ ಅದು ನಾಲ್ಕು ದಿನ ನಡೆಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಸಿಮ್ ಕಳೆದು ಹೊಸದು ತೆಗೆಸಿದ್ದರೆ 2024ರ ಜುಲೈಯಿಂದ ಏಳು ದಿನ ಕಾಯದೆ ಕೋಡು ಸಿಗುವುದಿಲ್ಲ. ಹಳೇ ರೀಚಾರ್ಜಿನಲ್ಲಿ ಉಳಿದದ್ದು ಜೊತೆಗೆ ಬರುವುದಿಲ್ಲ, ಹಾಗಾಗಿ ವ್ಯಾಲಿಡಿಟಿ ಮುಗಿಯುವ ವಾರವೇ ನೋಡಿಕೊಂಡು ಮಾಡಿಸಿ.