ಮಧುನಾಶಿನಿ ಪುಡಿ ತೆಗೆದುಕೊಳ್ಳುತ್ತಿರುವ ತುಮಕೂರಿನವರು ದಯವಿಟ್ಟು ಇದನ್ನು ಓದಿ

ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟದ ಹೆಸರು ಹೇಳಿ ಸಕ್ಕರೆ ಕಾಯಿಲೆಗೆಂದು ಮಾರುವ ಮಧುನಾಶಿನಿ ಪುಡಿ ತುಮಕೂರು, ಕೊರಟಗೆರೆ ಕಡೆಯ ಯಾರ ಮನೆಯಲ್ಲಾದರೂ ಇದ್ದರೆ, ಇದನ್ನು ಓದುವವರೆಗೆ ಮುಂದಿನ ಚಮಚ ಬಾಯಿಗೆ ಹಾಕಿಕೊಳ್ಳಬೇಡಿ. ಅಂಥದೊಂದು ಪುಡಿ ಸೇವಿಸಿದ ನಮ್ಮ ತಾಯಿಯವರು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಬೇಕಾಯಿತು. ಮಾರಿದವರು ಇಂದಿಗೂ ಅದನ್ನೇ ಮಾರುತ್ತಿದ್ದಾರೆ.

ತಾಯಿಯವರು ಹಲವು ವರ್ಷಗಳಿಂದ ಮೆಟ್‌ಫಾರ್ಮಿನ್ ಮಾತ್ರೆಯೊಂದನ್ನೇ ನುಂಗುತ್ತಿದ್ದವರು. ತುಮಕೂರಿನ ಮಳಿಗೆಯೊಂದರಲ್ಲಿ ಪಂಡಿತರೆನಿಸಿಕೊಂಡವರು ಬಹಳ ಗೌರವದಿಂದಲೇ ಮಾತನಾಡಿಸಿ, ಮಾತ್ರೆಯ ಜೊತೆಗೇ ಪುಡಿಯನ್ನು ಸೇವಿಸಿ, ಆಮೇಲೆ ಮಾತ್ರೆ ತಾನಾಗಿ ಬಿಟ್ಟುಹೋಗುತ್ತದೆ ಎಂದು ಭರವಸೆ ಕೊಟ್ಟರು. ಸಕ್ಕರೆಯ ಅಂಶ ಬೇಗನೆ ಇಳಿಯಿತು, ಮನೆಯವರೆಲ್ಲ ಸಂತೋಷಪಟ್ಟೆವು. ಒಂದು ಬೆಳಗಿನ ಜಾವ ತಾಯಿಯವರಿಗೆ ಮೈಯೆಲ್ಲ ಬೆವರು, ಕೈನಡುಕ, ತೊದಲು ಮಾತು. ನೋಡನೋಡುತ್ತಲೇ ಪ್ರಜ್ಞೆ ತಪ್ಪಿತು. ರಕ್ತದ ಸಕ್ಕರೆ 70ಕ್ಕಿಂತ ಇಳಿದರೇ ಅಪಾಯವೆನ್ನುತ್ತಾರೆ, ಅಂದು ಗ್ಲುಕೋಮೀಟರ್ ತೋರಿಸಿದ್ದು 38.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದೇ ಬೇರೇನು ಸೇವಿಸುತ್ತಿದ್ದಾರೆ ಎಂದು. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಇಷ್ಟು ಕುಸಿಯುವುದು ಅಪರೂಪವೆಂದೂ, ಗಿಡಮೂಲಿಕೆಯ ಹೆಸರಿನ ಕೆಲವು ಪುಡಿಗಳಲ್ಲಿ ಸಕ್ಕರೆ ಇಳಿಸುವ ಗ್ಲಿಬೆನ್‌ಕ್ಲಮೈಡ್‌ನಂಥ ಇಂಗ್ಲಿಷ್ ಔಷಧವನ್ನು ಬೆರೆಸಿರುವುದು ಪತ್ತೆಯಾಗಿದೆಯೆಂದೂ ಅವರು ವಿವರಿಸಿದರು. ಇಂಥ ಔಷಧದ ಪ್ರಭಾವ ದೀರ್ಘಕಾಲ ಇರುವುದರಿಂದ ಸಕ್ಕರೆ ಏರಿದ ಮೇಲೂ ಮತ್ತೆ ಕುಸಿಯಬಹುದೆಂದು, ಗ್ಲುಕೋಸ್ ಡ್ರಿಪ್ ಹಾಕಿ ತಾಯಿಯವರನ್ನು ಅಲ್ಲಿಯೇ ಉಳಿಸಿಕೊಂಡರು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಆಮೇಲೆ. ಮಧುನಾಶಿನಿಯ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ಗ್ರಹಿಸುವ ಶಕ್ತಿಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಆ ಗಿಡಕ್ಕೆ ಆ ಹೆಸರು ಬಂದದ್ದೂ ಅದರಿಂದಲೇ. ಕೊರಟಗೆರೆಯ ನಮ್ಮ ನೆಂಟರ ಬೇಲಿಯಲ್ಲಿ ಈ ಬಳ್ಳಿ ಇದೆ. ಅದರ ಎರಡು ಎಲೆಗಳನ್ನು ಚೆನ್ನಾಗಿ ಅಗಿದು ನಾಲಿಗೆಗೆಲ್ಲ ತಾಗಿಸಿ, ಉಗಿದು, ಒಂದು ಚಿಟಿಕೆ ಸಕ್ಕರೆ ಹಾಕಿಕೊಂಡೆ: ಬಾಯಲ್ಲಿ ಮರಳು ಇಟ್ಟಂತಾಯಿತು, ಸಿಹಿಯ ಸುಳಿವೇ ಇಲ್ಲ. ಸಿಹಿ ಪೂರ್ತಿ ಮರಳಿದ ಮೇಲೆ ಆ ಪೊಟ್ಟಣದ ಪುಡಿಯನ್ನು ನಾಲಿಗೆಯ ಮೇಲೆಲ್ಲ ಹರಡಿಕೊಂಡು ಹಾಗೆಯೇ ಸಕ್ಕರೆ ತಿಂದೆ. ಸಕ್ಕರೆ ಸಕ್ಕರೆಯಾಗಿಯೇ ಇತ್ತು! ಇನ್ನಷ್ಟು ಪುಡಿ ಹಾಕಿಕೊಂಡು ನೋಡಿದರೂ ಸಿಹಿಯೇ. ಹೆಚ್ಚಿನ ಬೆಲೆ ಕೊಟ್ಟು ಭಕ್ತಿಯಿಂದ ತಂದದ್ದರಲ್ಲಿ ಮಧುನಾಶಿನಿಯ ಗುಣವೇ ಇರಲಿಲ್ಲ.

ಮಳಿಗೆಗೆ ಹೋಗಿ ಕೇಳಿದಾಗ ಬಂದ ಉತ್ತರಗಳನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ. "ನಮ್ಮದು ಶುದ್ಧಿ ಮಾಡಿದ ಪುಡಿ ಸಾರ್, ಆ ಗುಣ ಅದರಲ್ಲಿ ಉಳಿಯೋದಿಲ್ಲ." "ಅಮ್ಮನವರು ಪಥ್ಯ ಕೆಡಿಸಿರಬೇಕು." ಕೊನೆಗೆ, "ಶುಗರ್ ಇಳೀಲಿ ಅಂತಲೇ ಅಲ್ಲವಾ ತಗೊಂಡಿದ್ದು? ಇಳಿದಿದೆ. ಮತ್ತೇನು ದೂರು?" ಸಾವಿನ ದವಡೆಯಿಂದ ಪಾರಾಗಿ ಬಂದವರ ಮಗನಿಗೆ ಹೇಳುವ ಮಾತೇ ಇದು? ಬಿಲ್ ಕೇಳಿದರೆ, ಬೇರು ಸೊಪ್ಪಿಗೆಲ್ಲ ಯಾರು ಬಿಲ್ ಕೇಳುತ್ತಾರೆ ಎಂದರು. ಆಮೇಲೆ ನನ್ನ ಕರೆಗಳನ್ನೇ ಅವರು ಸ್ವೀಕರಿಸಲಿಲ್ಲ.

ಗಿಡದ ಮೇಲೆ ನನಗೆ ದೂರಿಲ್ಲ. ಅಸಲಿ ಎಲೆಯೂ ಸಕ್ಕರೆಯನ್ನು ಇಳಿಸಬಲ್ಲದು, ಆದ್ದರಿಂದಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಅದನ್ನು ಸೇವಿಸಬಾರದು. ಪೊಟ್ಟಣದ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ ಇಲ್ಲದಿದ್ದರೆ ಮುಟ್ಟಬೇಡಿ. ನಮ್ಮ ಪೊಟ್ಟಣದ ಮೇಲೆ ಬೆಟ್ಟದ ಚಿತ್ರವೊಂದೇ ಇತ್ತು. ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ, ಅಂಥ ಫಲಕ ಕಂಡರೆ ಒಳಗೆ ಕಾಲಿಡಬೇಡಿ. ಔಷಧದಿಂದ ತೊಂದರೆಯಾದವರು 1800-180-3024 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ವರದಿ ಮಾಡಬಹುದು. ಈಗಾಗಲೇ ಇಂಥ ಪುಡಿ ಸೇವಿಸುತ್ತಿರುವವರಿಗೆ ಬೆವರು, ನಡುಕ ಕಾಣಿಸಿದರೆ, ಎಚ್ಚರವಿರುವಾಗಲೇ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಳಿದ ಪುಡಿಯನ್ನು ಪೊಟ್ಟಣದ ಸಮೇತ ವೈದ್ಯರ ಕೈಗೆ ಕೊಡಿ.