ಮಳೆಗಾಲಕ್ಕೆ ಯಾವುದು: ಗನ್ಸ್ ಆಂಡ್ ಗುಲಾಬ್ಸ್ ಅಥವಾ ಸ್ಕ್ಯಾಮ್ 1992?

ಮಡಿಕೇರಿಯಲ್ಲಿ ಜುಲೈ ಮಳೆ ಹಿಡಿದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಇರುವಾಗಲೇ ಒಂದು ಸರಣಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು. ಯಾವುದು?

ಹಳೇ ದಿನಗಳ ನೆನಪು ಬೇಕಿದ್ದರೆ 'ಗನ್ಸ್ ಆಂಡ್ ಗುಲಾಬ್ಸ್' (2023, 7 ಕಂತು). ಗುಲಾಬ್‌ಗಂಜ್ ಎಂಬ ಕಲ್ಪನೆಯ ಊರು, ಅಲ್ಲಿ ಅಫೀಮಿನ ದಂಧೆ. ಸ್ಪ್ಯಾನರ್ ಹಿಡಿದು ಹೊಡೆದಾಡುವ ಮೆಕ್ಯಾನಿಕ್ ಟೀಪು, ಟೀಚರ್‌ಗೆ ಇಂಗ್ಲಿಷ್‌ನಲ್ಲಿ ಪ್ರೇಮಪತ್ರ ಬರೆಸಲು ಶಾಲೆ ಹುಡುಗನ ಸಹಾಯ ಕೇಳುತ್ತಾನೆ. ಅದನ್ನು ನೋಡುವಾಗ ನಮ್ಮ ಹೈಸ್ಕೂಲಿನ ಚೀಟಿಗಳು ನೆನಪಾದವು. ನೋಟ್‌ಬುಕ್ಕಿನ ನಡುವಿನ ಹಾಳೆ ಕಿತ್ತು, ನಾಲ್ಕು ಮಡಿಕೆ ಮಾಡಿ, ಮಳೆಗೆ ನೆನೆಯದಂತೆ ಕೊಡೆಯೊಳಗೆ ಸಿಕ್ಕಿಸಿ ಕೊಡುತ್ತಿದ್ದೆವು. ಚಾಕು ಹಿಡಿದ ಆತ್ಮಾರಾಮ್ ಆಗಿ ಕೊಡವ ಮನೆತನದ ಗುಲ್ಶನ್ ದೇವಯ್ಯ ಇದ್ದಾರೆ. ನಮ್ಮವರು ಅನ್ನುವ ಖುಷಿ ಇದ್ದೇ ಇರುತ್ತದೆ, ಅಲ್ವಾ? ಆದರೆ ಪಾತ್ರಗಳು ಜಾಸ್ತಿ, ನಡುವಿನ ಕಂತುಗಳು ಎಳೆಯುತ್ತವೆ. ರಕ್ತವೂ ಜಾಸ್ತಿ, ಮಕ್ಕಳ ಮುಂದೆ ಬೇಡ.

'ಸ್ಕ್ಯಾಮ್ 1992' (2020, 10 ಕಂತು) ಶೇರು ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣದ ನಿಜ ಕಥೆ. ಬ್ಯಾಂಕಿನವನೊಬ್ಬ ಬೆವರುತ್ತಾ ಪತ್ರಿಕಾ ಕಚೇರಿಗೆ ಬಂದು 500 ಕೋಟಿ ರೂಪಾಯಿ ಹಗರಣದ ವಿಷಯ ಹೇಳುವಲ್ಲಿಂದಲೇ ಹಿಡಿದು ಕೂರಿಸುತ್ತದೆ. ಮೆಹ್ತಾ ಆಗಿ ಪ್ರತೀಕ್ ಗಾಂಧಿ ನಟನೆಗೆ ಸಾಟಿಯಿಲ್ಲ. ಬ್ಯಾಂಕ್ ರಸೀದಿಯ (ಸಾಲಪತ್ರ ಮಾರಿದ ಬ್ಯಾಂಕು, ಕೊಂಡ ಬ್ಯಾಂಕಿಗೆ ಪತ್ರದ ಬದಲು ಕೊಡುತ್ತಿದ್ದ ಚೀಟಿ) ಲೆಕ್ಕಾಚಾರ ಮಾತ್ರ ನನಗೆ ಎರಡು ಸಲ ನೋಡಿದ ಮೇಲೆ ಅರ್ಥವಾಯಿತು. ಮೋಸಗಾರನನ್ನು ಹೀರೋ ಮಾಡಿದರು ಎಂಬ ಬೇಸರವೂ ಇದೆ.

ಒಂದೇ ಅಂದರೆ ನಾನು ಸ್ಕ್ಯಾಮ್ ಅನ್ನುತ್ತೇನೆ. ಶಾಲೆಯ ಗೆಳೆಯರು ಮನೆಗೆ ಬಂದಿದ್ದರೆ ಮಾತ್ರ ಗುಲಾಬ್‌ಗಂಜ್ ಹಾಕಿ.