ಮೂರು ವರ್ಷ ಪಿಎಸ್ 5, ಎರಡು ವರ್ಷ ಪಿಸಿ: ವಿಜಯಪುರದಲ್ಲಿ ಯಾವುದು ಬಾಳಿಕೆ ಬಂತು?

2023ರ ಫೆಬ್ರವರಿಯಲ್ಲಿ ಪಿಎಸ್ 5, ಅಂದರೆ ಟಿವಿಗೆ ಹಾಕಿ ಆಡುವ ಸೋನಿಯ ಗೇಮ್ ಡಬ್ಬಿ ತಗೊಂಡೆ. ಡಿಸ್ಕ್ ಹಾಕುವ ಮಾಡೆಲ್, 54,990 ರೂಪಾಯಿ. 2021ರಲ್ಲಿ ಭಾರತಕ್ಕೆ ಬಂದಾಗ ಇದೇ ಡಬ್ಬಿ 49,990ಕ್ಕೆ ಇತ್ತು. ಆಗ ಕೈಗೇ ಸಿಗುತ್ತಿರಲಿಲ್ಲ, ಸಿಗುವ ಹೊತ್ತಿಗೆ ಐದು ಸಾವಿರ ಏರಿತ್ತು. ಮುಂದಿನ ವರ್ಷ ಜನವರಿಯಲ್ಲಿ ಗೇಮ್ ಆಡೋಕೆ ಪಿಸಿ ಕಟ್ಟಿಸಿದೆ. ಎರಡೂ ಯಾಕೆ ಬೇಕಿತ್ತು ಅಂತ ಅವ್ವ ಈಗಲೂ ಕೇಳುತ್ತಾಳೆ. ಅದಕ್ಕೆ ಉತ್ತರ ಇಲ್ಲ. ಆದರೆ ಒಂದೇ ತಗೊಳ್ಳೋರಿಗೆ ಹೇಳೋಕೆ ನನ್ನ ಹತ್ತಿರ ಸಾಕಷ್ಟಿದೆ.

ಪಿಸಿಯಲ್ಲಿ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ. ರೈಜನ್ 5 5600 ಪ್ರೊಸೆಸರ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ. ಮಾನಿಟರ್, ಕೀಬೋರ್ಡ್, ಯುಪಿಎಸ್ ಎಲ್ಲಾ ಸೇರಿ 72 ಸಾವಿರದ ಹತ್ತಿರ ಆಯಿತು. ಪಿಎಸ್ 5ಗೆ ಟಿವಿ ಮೊದಲೇ ಮನೆಯಲ್ಲಿತ್ತು, ಹಾಗಾಗಿ ಅದು ಅಗ್ಗ ಅನ್ನಿಸಿತು. ಅನ್ನಿಸಿತು ಅಷ್ಟೇ. ಎರಡನೇ ಕಂಟ್ರೋಲರ್‌ಗೆ 5,990. ದುಡ್ಡು ಕೊಟ್ಟು ಕೊಂಡ ಗೇಮನ್ನು ಆನ್‌ಲೈನ್ ಆಡಬೇಕಾದರೆ ಪಿಎಸ್ ಪ್ಲಸ್ ಚಂದಾ ಬೇರೆ. ಅದರ ವಾರ್ಷಿಕ ದರವನ್ನು ನಾನು ಕೊಂಡ ವರ್ಷವೇ ಸೆಪ್ಟೆಂಬರ್‌ನಲ್ಲಿ ಏರಿಸಿದರು. ಸೋನಿಯ ದೊಡ್ಡ ಗೇಮ್ ಹೊಸದಾಗಿ ಬಂದಾಗ ಒಂದಕ್ಕೆ 4,999. ಪಿಸಿಯಲ್ಲಿ ಆನ್‌ಲೈನ್ ಆಡೋಕೆ ಅಂಥ ಚಂದಾ ಇಲ್ಲ, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯ ಸೇಲ್‌ಗೆ ಕಾದರೆ ಗೇಮೂ ಅಗ್ಗ. ಡಿಸ್ಕ್ ಆಡಿ ಮಾರಬಹುದು, ನಿಜ. ಆದರೆ ನಮ್ಮ ಊರಲ್ಲಿ ಕೊಳ್ಳೋರು ಯಾರು? ನಾನು ಮಾರಿದ ಮೂರೂ ಕೊರಿಯರ್‌ನಲ್ಲೇ ಹೋದವು.

ಈಗ ಬಿಸಿಲಿನ ಮಾತು. ಪಿಎಸ್ 5 ಜೊತೆ ಬಂದ ಪುಸ್ತಕದಲ್ಲಿ ಅದನ್ನು 5ರಿಂದ 35 ಡಿಗ್ರಿ ಒಳಗೆ ಬಳಸಿ ಅಂತ ಬರೆದಿದೆ. ವಿಜಯಪುರದ ಮೇ ತಿಂಗಳಿಗೆ ಅದನ್ನು ಯಾರು ಹೇಳಬೇಕು! 40 ದಾಟಿದ ದಿನ ಮಧ್ಯಾಹ್ನ ಎರಡನ್ನೂ ಮುಟ್ಟಲ್ಲ. ರಾತ್ರಿ ಹತ್ತರ ಮೇಲೆ ಆಟ. ಧೂಳು ಇನ್ನೊಂದು ತಲೆನೋವು. ಪಿಎಸ್ 5ರ ಪಕ್ಕದ ಬಿಳಿ ತಟ್ಟೆಗಳನ್ನು ಸ್ಕ್ರೂ ಬಿಚ್ಚದೇ ಎಳೆದು ತೆಗೆಯಬಹುದು. ಒಳಗೆ ಧೂಳು ಹಿಡಿಯೋಕೆ ಅಂತಲೇ ಎರಡು ತೂತು ಇವೆ. ವ್ಯಾಕ್ಯೂಮ್ ಹಿಡಿದರೆ ಸಾಕು. ಪಿಸಿಯನ್ನು ನಾನು ಬಾಗಿಲಾಚೆ ಒಯ್ದು ಎರಡು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯುತ್ತೇನೆ. ಬರುವ ಮಣ್ಣು ನೋಡಿದರೆ ಒಳಗೆ ಒಂದು ಜೋಳದ ಗಿಡ ಬೆಳೆಸಬಹುದು.

ಕರೆಂಟಿನ ವಿಷಯದಲ್ಲಿ ನಾನು ಪೂರಾ ಒಂದು ವರ್ಷ ದಡ್ಡನಾಗಿದ್ದೆ. ಮನೆಗೆ ಇನ್ವರ್ಟರ್ ಇದೆ, ಟಿವಿ, ಪಿಎಸ್ 5 ಎರಡೂ ಅದರ ಮೇಲೇ ಇದ್ದವು. ಆದರೂ ಕರೆಂಟು ಹೋದಾಗಲೆಲ್ಲ ಪಿಎಸ್ 5 ಆಫ್ ಆಗೋದು. ಮತ್ತೆ ಆನ್ ಮಾಡಿದರೆ ಸ್ಟೋರೇಜ್ ರಿಪೇರಿ ಮಾಡುತ್ತಿದ್ದೇನೆ ಅಂತ ಕೂರಿಸೋದು. ಬ್ಯಾಟರಿಗೆ ನೀರು ಹಾಕಲು ಬಂದ ಹುಡುಗ ನೋಡಿ ನಕ್ಕ. ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್, ಅದನ್ನು ಯುಪಿಎಸ್ ಮೋಡ್‌ಗೆ ತಳ್ಳಿದ. ಮಾಮೂಲಿ ಮೋಡ್‌ನಲ್ಲಿ ಲೈನಿನಿಂದ ಬ್ಯಾಟರಿಗೆ ಬದಲಾಗುವಾಗ ಸ್ವಲ್ಪ ತಡ ಆಗುತ್ತದೆ. ಫ್ಯಾನಿಗೆ ಅದು ಗೊತ್ತಾಗಲ್ಲ, ಗೇಮ್ ಡಬ್ಬಿಗೆ ಗೊತ್ತಾಗುತ್ತದೆ. ನಿಮ್ಮ ಮನೆಯ ಇನ್ವರ್ಟರ್‌ನಲ್ಲಿ ಆ ಸ್ವಿಚ್ ಇದ್ದರೆ ಇವತ್ತೇ ನೋಡಿ.

ಆದರೆ ನಾನು ಇಷ್ಟು ಉದ್ದ ಬರೆಯೋಕೆ ಕಾರಣ ಬೇರೆ, ರಿಪೇರಿ.

2024ರ ದಸರಾ ರಜೆಯಲ್ಲಿ ಅಕ್ಕನ ಮಗ ಟಿವಿ ಸ್ಟ್ಯಾಂಡ್ ಎಳೆದ. ಎಚ್‌ಡಿಎಂಐ ವೈರು (ಟಿವಿಗೆ ಚಿತ್ರ ಒಯ್ಯುವ ಕೇಬಲ್) ಗಟ್ಟಿ ಇತ್ತು, ಪಿಎಸ್ 5ರ ಪೋರ್ಟ್ ಗಟ್ಟಿ ಇರಲಿಲ್ಲ. "ಮಾಮಾ, ಟಿವಿ ಕೆಟ್ಟೈತಿ" ಅಂದ. ಡಬ್ಬಿ ಹೊತ್ತುಕೊಂಡು ನನ್ನ ಪಿಸಿ ಕಟ್ಟಿಕೊಟ್ಟ ಅಂಗಡಿಗೆ ಹೋದೆ. ಅವರು ಟಾರ್ಚ್ ಹಾಕಿ ನೋಡಿ ಕೈ ಮುಗಿದರು. "ಇದನ್ನ ನಾ ಬಿಚ್ಚಂಗಿಲ್ರಿ. ಪೋರ್ಟ್ ಹಾಕಬೇಕಂದ್ರ ಬೋರ್ಡ್ ಹೊರಗ ತೆಗಿಬೇಕು. ಒಳಗ ಲಿಕ್ವಿಡ್ ಮೆಟಲ್ ಐತಿ, ಒಂದ್ ಹನಿ ಆಚೀಚೆ ಆದ್ರ ಬೋರ್ಡ್ ಹೋತು." ಅವರು ಹೇಳಿದ್ದು ಸರಿ. ಪಿಎಸ್ 5ರ ಚಿಪ್ಪಿನ ಬಿಸಿ ಎಳೆಯೋಕೆ ಮಾಮೂಲಿ ಪೇಸ್ಟ್ ಅಲ್ಲ, ದ್ರವ ಲೋಹ ಹಾಕಿರುತ್ತಾರೆ. ಅದರಲ್ಲಿ ಕರೆಂಟು ಹರಿಯುತ್ತದೆ, ಚೆಲ್ಲಿದರೆ ಶಾರ್ಟ್. ಕೊನೆಗೆ ದೊಡ್ಡ ಊರಿನ ಒಬ್ಬ ರಿಪೇರಿಯವರಿಗೆ ಕೊರಿಯರ್ ಮಾಡಿದೆ. ಹೋಗಿ ಬರೋಕೆ 19 ದಿನ. ತಪ್ಪು ನಮ್ಮ ಹುಡುಗನದೇ, ಆದರೆ ದೂರ ದೂರವೇ ಅಲ್ವಾ.

ಪಿಸಿಯೂ ಕೆಟ್ಟಿತು. 2025ರ ಮೇ, ಗಾಳಿ ಮಳೆ, ಕರೆಂಟು ನಾಲ್ಕು ಸಲ ಹೋಗಿ ಬಂತು. ಯುಪಿಎಸ್ ಬ್ಯಾಟರಿ ಮೊದಲೇ ಸುಸ್ತಾಗಿತ್ತು. ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಹಂಚುವ ಡಬ್ಬಿ) ಢಂ ಅಂದು ಸುಟ್ಟ ವಾಸನೆ. ಮರುದಿನ ಬೆಳಿಗ್ಗೆ ಅದೇ ಅಂಗಡಿ. ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದರು, ಉಳಿದದ್ದೆಲ್ಲ ನೆಟ್ಟಗಿತ್ತು. ಅರ್ಧ ತಾಸಿನಲ್ಲಿ ಮನೆಗೆ ಬಂದೆ. ಚಹಾ ಅವರೇ ಕುಡಿಸಿದರು.

ಆಟದ ಮಜಾ? ಅದರಲ್ಲಿ ಪಿಎಸ್ 5 ಮುಂದೆ. ಗ್ರ್ಯಾನ್ ಟ್ಯುರಿಸ್ಮೊ 7 ಆಡುವಾಗ ಬ್ರೇಕ್ ಒತ್ತಿದರೆ ಟ್ರಿಗರ್ ಬೆರಳಿಗೆ ಎದುರು ಒತ್ತುತ್ತದೆ. ಮೊದಲ ಸಲ ನಾನು ಕಂಟ್ರೋಲರ್ ಕೆಟ್ಟಿತು ಅಂದುಕೊಂಡಿದ್ದೆ. ಆಫೀಸಿನಿಂದ ಬಂದು ಬಟನ್ ಒತ್ತಿದರೆ ನಿನ್ನೆ ಬಿಟ್ಟ ಜಾಗದಿಂದಲೇ ಶುರು. ಪಿಸಿಯಲ್ಲಿ ಡ್ರೈವರ್ ಅಪ್‌ಡೇಟ್, ಹೊಸ ಗೇಮ್ ಹಾಕಿದರೆ ಶೇಡರ್ (ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಂಗಳು) ತಯಾರಾಗುವ ತನಕ ಸುಮ್ನೆ ಕೂರೋದು, ಆಮೇಲೆ ಸೆಟ್ಟಿಂಗ್ಸ್ ತಿರುವೋದು. ಅದು ಕೆಲವರಿಗೆ ಖುಷಿ. ನನಗೆ ಮೊದಲ ಆರು ತಿಂಗಳು ಖುಷಿ ಇತ್ತು. ಆದರೆ ಕೌಂಟರ್ ಸ್ಟ್ರೈಕ್ 2 ಆಡೋರಿಗೆ ಪಿಸಿ ಬಿಟ್ಟರೆ ದಾರಿ ಇಲ್ಲ, ಅದು ಪಿಎಸ್ 5 ಥರದ ಕನ್ಸೋಲ್‌ಗೆ ಬಂದೇ ಇಲ್ಲ. ಸೋನಿಯ ಗೇಮ್‌ಗಳು ಎಷ್ಟೋ ಪಿಸಿಗೂ ಬಂದಿವೆ, ತಾಳ್ಮೆ ಬೇಕಿತ್ತು. ಗಾಡ್ ಆಫ್ ವಾರ್ ರ‍್ಯಾಗ್ನರಾಕ್ ಕನ್ಸೋಲ್‌ಗೆ 2022ರ ನವೆಂಬರ್‌ನಲ್ಲಿ ಬಂತು, ಪಿಸಿಗೆ 2024ರ ಸೆಪ್ಟೆಂಬರ್‌ನಲ್ಲಿ.

ಜಾಗದ ಕೊರತೆ ಪಿಎಸ್ 5ರಲ್ಲಿ ಜಾಸ್ತಿ. 825 ಜಿಬಿ ಅಂತಾರೆ, ಕೈಗೆ ಸಿಗೋದು 667. 100 ಜಿಬಿಯ ಗೇಮ್ ಅಳಿಸಿ ಮತ್ತೆ ಇಳಿಸಬೇಕಾದರೆ ನನ್ನ 40 ಎಂಬಿಪಿಎಸ್ ಲೈನಿನಲ್ಲಿ ಐದೂವರೆ ತಾಸು. ಊಟ, ನಿದ್ದೆ ಎಲ್ಲಾ ಮುಗಿಯುತ್ತದೆ.

ಒಂದೇ ಅಂದರೆ ನಾನು ಪಿಸಿ ಅಂತಿದ್ದೆ. ಮಕ್ಕಳ ಓದು, ಆಫೀಸಿನ ಕೆಲಸ ಅದರಲ್ಲೇ ನಡೆಯುತ್ತದೆ, ಕೆಟ್ಟರೆ ಊರಲ್ಲೇ ರಿಪೇರಿ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಎರಡು ಪಟ್ಟು ದಾಟಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನೆಲ್ಲ ಎಳೆದುಕೊಳ್ಳುತ್ತಿವೆ. ನನ್ನ 72 ಸಾವಿರಕ್ಕೆ ಇದೇ ಪಿಸಿ ಇವತ್ತು ಆಗಲ್ಲ. ಮನೆಯಲ್ಲಿ ಹಳೇ ಕಂಪ್ಯೂಟರ್ ಇದ್ದರೆ ಅದರ ರ‍್ಯಾಮ್, ಕ್ಯಾಬಿನೆಟ್ ಉಳಿಸಿಕೊಂಡು ಗ್ರಾಫಿಕ್ಸ್ ಕಾರ್ಡ್ ಮಾತ್ರ ಹಾಕಿಸಿ. ಎಸ್‌ಎಂಪಿಎಸ್ ತಡೆಯುತ್ತದಾ ಅಂತ ಮೊದಲು ಕೇಳಿ. ಏನೂ ಇಲ್ಲದೆ ಹೊಸದಾಗಿ ಶುರು ಮಾಡೋರು, ಬರೀ ಆಟಕ್ಕೇ ಬೇಕು ಅನ್ನೋರು ಪಿಎಸ್ 5 ತಗೊಳ್ಳಿ. ಎಚ್‌ಡಿಎಂಐ ವೈರನ್ನು ಮಾತ್ರ ಸ್ಟ್ಯಾಂಡಿನ ಹಿಂದೆ ಸಡಿಲವಾಗಿ ಬಿಡಿ.

ನನ್ನ ಪಿಎಸ್ 5 ಮಾರುತ್ತೀರಾ ಅಂತ ಇಬ್ಬರು ಕೇಳಿದ್ದಾರೆ. ಇಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಅಂತ ಮನೆ ತುಂಬ ನೆಂಟರು ಬರುತ್ತಾರೆ. ಆ ನಾಲ್ಕು ದಿನ ಕಂಟ್ರೋಲರ್ ನನ್ನ ಕೈಗೆ ಸಿಗೋದೇ ಇಲ್ಲ, ಆಗ ನಾನು ಪಿಸಿ ರೂಮಿನ ಬಾಗಿಲು ಹಾಕಿಕೊಳ್ಳುತ್ತೇನೆ.